ಚರ್ಚಿಲ್ ಭಾಷಣದ ತಟ್ಟೆಗಳಲ್ಲಿ ಕೇಳುವ ದನಿ ಯಾರದು, ಯಾವ ಕಾಲದ್ದು?

ಪ್ರಶ್ನೆ: ನಮ್ಮ ತಂದೆಯವರ ಸಂಗ್ರಹದಲ್ಲಿ ವಿನ್‌ಸ್ಟನ್ ಚರ್ಚಿಲ್ ಅವರ ಯುದ್ಧಕಾಲದ ಭಾಷಣಗಳ ಎಲ್‌ಪಿ ತಟ್ಟೆಗಳೂ ಎರಡನೆಯ ಮಹಾಯುದ್ಧವನ್ನು ಕುರಿತು ಅವರು ಬರೆದ ಆರು ಸಂಪುಟಗಳೂ ಇವೆ. 'ಕಡಲತೀರಗಳಲ್ಲಿ ಹೋರಾಡುತ್ತೇವೆ' ಎನ್ನುವ 1940ರ ಪ್ರಸಿದ್ಧ ಭಾಷಣವನ್ನು ಕೇಳಿಸಿದಾಗ, ಅದು ಚರ್ಚಿಲ್ ಅವರ ದನಿಯೇ ಅಲ್ಲ, ಒಬ್ಬ ರೇಡಿಯೋ ನಟನದು ಎಂದು ಸ್ನೇಹಿತರೊಬ್ಬರು ಹೇಳಿದರು. ಇದು ನಿಜವೇ? ಆ ಆರು ಸಂಪುಟಗಳನ್ನು ಇತಿಹಾಸವೆಂದು ನಂಬಿ ವಿದ್ಯಾರ್ಥಿಗಳಿಗೆ ಪಾಠ ಹೇಳಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ತಟ್ಟೆಯಲ್ಲಿರುವ ದನಿ ಚರ್ಚಿಲ್ ಅವರದೇ, ನಟನದಲ್ಲ. ಆದರೆ ಅದು 1940ರ ದನಿಯೂ ಅಲ್ಲ. ಯುದ್ಧ ಮುಗಿದು ನಾಲ್ಕು ವರ್ಷಗಳಾದ ಮೇಲೆ, 1949ರಲ್ಲಿ, ಕೆಂಟ್ ಪ್ರಾಂತ್ಯದ ಚಾರ್ಟ್‌ವೆಲ್ ಎಂಬ ತಮ್ಮ ಮನೆಯಲ್ಲಿ ಕುಳಿತು ಅವರು ಓದಿ ಮುದ್ರಿಸಿಕೊಟ್ಟ ದನಿ ಅದು. ನೀವು ಹೇಳುವ ಆರು ಸಂಪುಟಗಳು ಬರೆಹಗೊಳ್ಳುತ್ತಿದ್ದುದೂ ಅದೇ ವರ್ಷಗಳಲ್ಲಿ, ಬಹುಪಾಲು ಅದೇ ಮನೆಯಲ್ಲಿ. ಹೀಗಾಗಿ ನಿಮ್ಮ ಎರಡು ಪ್ರಶ್ನೆಗಳು ನನಗೆ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ತಟ್ಟೆಯಲ್ಲಿಯೂ ಪುಸ್ತಕದಲ್ಲಿಯೂ ನಮಗೆ ಸಿಗುವುದು ಗೆದ್ದ ಯುದ್ಧವನ್ನು ಹಿಂದಿರುಗಿ ನೋಡಿ, ಅದನ್ನು ಮುಂದಿನವರು ಹೇಗೆ ನೆನೆಯಬೇಕೆಂದು ತೀರ್ಮಾನಿಸಿಕೊಂಡ ನಾಯಕನ ನಿರೂಪಣೆ. ಆ ಎಚ್ಚರವಿದ್ದರೆ ಎರಡೂ ಅಮೂಲ್ಯ ಆಕರಗಳೇ. ಅದು ತಪ್ಪಿದರೆ ಎರಡೂ ದಾರಿ ತಪ್ಪಿಸುತ್ತವೆ.

1940ರ ಜೂನ್ 4ರಂದು ನಡೆದದ್ದನ್ನು ಮೊದಲು ನೋಡೋಣ. ಉತ್ತರ ಫ್ರಾನ್ಸಿನ ಡಂಕರ್ಕ್ ತೀರದಿಂದ ಸುಮಾರು 3,38,000 ಬ್ರಿಟಿಷ್ ಮತ್ತು ಮಿತ್ರಪಡೆಯ ಸೈನಿಕರನ್ನು ಹಡಗು, ದೋಣಿಗಳಲ್ಲಿ ಪಾರುಮಾಡಿ ತಂದ ಕಾರ್ಯಾಚರಣೆ ಆಗಷ್ಟೇ ಮುಗಿದಿತ್ತು. ಪ್ರಧಾನಿಯಾಗಿ ಇನ್ನೂ ಒಂದು ತಿಂಗಳೂ ತುಂಬಿರದ ಚರ್ಚಿಲ್ ಆ ಮಧ್ಯಾಹ್ನ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಅರ್ಧ ಗಂಟೆಗೂ ಮಿಕ್ಕಿ ಮಾತನಾಡಿದರು. ಇಂದು ಎಲ್ಲರ ಬಾಯಲ್ಲಿರುವ ಸಾಲುಗಳು ಆ ಭಾಷಣದ ಕೊನೆಯಲ್ಲಿ ಬರುವ ಒಂದು ಸಣ್ಣ ಭಾಗ ಮಾತ್ರ. ಉಳಿದ ಹೆಚ್ಚಿನ ಭಾಗ ಸೇನೆ ಹೇಗೆ ಸಿಕ್ಕಿಬಿದ್ದಿತು, ಎಷ್ಟು ಫಿರಂಗಿಗಳನ್ನು ಬಿಟ್ಟುಬರಬೇಕಾಯಿತು ಎಂಬ ಕಠಿಣ ವಿವರಗಳಿಂದ ತುಂಬಿದೆ. ತೆರವು ಕಾರ್ಯಾಚರಣೆಗಳಿಂದ ಯುದ್ಧ ಗೆಲ್ಲಲಾಗುವುದಿಲ್ಲ ಎಂದು ಅವರು ಬಿಚ್ಚಿ ಹೇಳಿದ್ದೂ ಅಲ್ಲಿಯೇ. ಕೆಲವು ಲೇಬರ್ ಸದಸ್ಯರ ಕಣ್ಣಲ್ಲಿ ನೀರಾಡಿತೆಂದು ಆ ದಿನ ಸಭೆಯಲ್ಲಿದ್ದವರು ದಿನಚರಿಯಲ್ಲಿ ಬರೆದಿದ್ದಾರೆ. ಆದರೆ ಸಭೆಯೊಳಗೆ ಧ್ವನಿಮುದ್ರಣದ ವ್ಯವಸ್ಥೆಯೇ ಇರಲಿಲ್ಲ. ಅಂದು ರಾತ್ರಿ ಬಿಬಿಸಿಯ ವಾರ್ತಾವಾಚಕರು ಭಾಷಣದ ಆಯ್ದ ಭಾಗಗಳನ್ನು ಓದಿದರು. ಚರ್ಚಿಲ್ ಅದನ್ನು ರೇಡಿಯೋದಲ್ಲಿ ಮತ್ತೆ ಹೇಳಲಿಲ್ಲ.

ಕಾಮನ್ಸ್ ಸಭೆಯ ಕಲಾಪ ನಿಯತವಾಗಿ ರೇಡಿಯೋದಲ್ಲಿ ಬರತೊಡಗಿದ್ದು 1978ರಲ್ಲಿ, ದೂರದರ್ಶನದಲ್ಲಿ 1989ರಲ್ಲಿ. 1942ರ ಜನವರಿಯಲ್ಲಿ ಚರ್ಚಿಲ್ ತಮ್ಮ ಹೇಳಿಕೆಯೊಂದನ್ನು ಮುದ್ರಿಸಿಕೊಂಡು ಪ್ರಸಾರ ಮಾಡಲು ಸಭೆಯ ಒಪ್ಪಿಗೆ ಕೇಳಿದ್ದರು. ಸದಸ್ಯರಿಂದ ವಿರೋಧ ಬಂದದ್ದನ್ನು ಕಂಡು ಪ್ರಸ್ತಾವವನ್ನು ಕೈಬಿಟ್ಟರು. ಆದುದರಿಂದ ಯುದ್ಧಕಾಲದ ಯಾವುದೇ ಕಾಮನ್ಸ್ ಭಾಷಣದ 'ಮೂಲ ಧ್ವನಿ' ತಮ್ಮಲ್ಲಿದೆ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಕಾಗಿಲ್ಲ. 1940ರ ಮೇ 13ರ 'ರಕ್ತ, ಶ್ರಮ, ಕಣ್ಣೀರು, ಬೆವರು' ಭಾಷಣವೂ, ಆಗಸ್ಟ್ 20ರಂದು ವಾಯುಪಡೆಯ ಯೋಧರನ್ನು ಕುರಿತು 'ಇಷ್ಟು ಜನ ಇಷ್ಟೊಂದು ಋಣವನ್ನು ಇಷ್ಟು ಕಡಿಮೆ ಜನರಿಗೆ' ಹೊತ್ತದ್ದು ಹಿಂದೆಂದೂ ಇಲ್ಲವೆಂದ ಭಾಷಣವೂ ಇದೇ ಗುಂಪಿಗೆ ಸೇರುತ್ತವೆ. ಅವುಗಳ ದನಿಯಾಗಿ ನಾವು ಕೇಳುವುದೆಲ್ಲ ಯುದ್ಧಾನಂತರದ ಓದು.

1949ರಲ್ಲಿ ಮುದ್ರಿಸಿಟ್ಟ ಈ ಓದುಗಳನ್ನು ಡೆಕ್ಕಾ ಕಂಪನಿ 1964ರಲ್ಲಿ, ಚರ್ಚಿಲ್ ಅವರಿಗೆ ತೊಂಬತ್ತು ತುಂಬಿದ ವರ್ಷ, ಹನ್ನೆರಡು ಎಲ್‌ಪಿ ತಟ್ಟೆಗಳ ಸೆಟ್ ಆಗಿ ಹೊರತಂದಿತು. 1918ರಿಂದ 1945ರವರೆಗಿನ 'ಸ್ಮೃತಿಗಳು ಮತ್ತು ಭಾಷಣಗಳು' ಎಂಬುದು ಅದರ ಹೆಸರು. ನಿಮ್ಮ ತಂದೆಯವರು ಕೊಂಡದ್ದು ಇದೇ ಸೆಟ್ ಅಥವಾ ಇದರಿಂದ ಆಯ್ದ ತಟ್ಟೆಗಳಾಗಿರುವ ಸಾಧ್ಯತೆ ಹೆಚ್ಚು. ಹೆಸರೇ ಹೇಳುವ ಹಾಗೆ ಇದರಲ್ಲಿ ಭಾಷಣಗಳ ಜೊತೆಗೆ ಆತ್ಮಕಥನದ ಭಾಗಗಳನ್ನೂ ಅವರೇ ಓದಿದ್ದಾರೆ, ಎರಡೂ ಒಂದೇ ಉಸಿರಿನಲ್ಲಿ ಹರಿದುಬರುತ್ತವೆ. ಚರ್ಚಿಲ್ 1965ರ ಜನವರಿ 24ರಂದು ತೀರಿಕೊಂಡಾಗ ಜಗತ್ತಿನ ರೇಡಿಯೋ ಕೇಂದ್ರಗಳಿಗೆ ಸುಲಭವಾಗಿ ದಕ್ಕಿದ್ದು ಈ ತಟ್ಟೆಗಳೇ. ಆ ಮೇಲೆ ಬಂದ ಸಾಕ್ಷ್ಯಚಿತ್ರಗಳೂ ಡಂಕರ್ಕ್ ದೃಶ್ಯಗಳ ಹಿಂದೆ ಇವನ್ನೇ ಹಾಕಿದವು. ಕ್ರಮೇಣ, 1940ರಲ್ಲಿ ರೇಡಿಯೋ ಮುಂದೆ ಕುಳಿತು ಆ ಸಾಲುಗಳನ್ನು ಚರ್ಚಿಲ್ ಬಾಯಲ್ಲೇ ಕೇಳಿದೆವೆಂದು ಪ್ರಾಮಾಣಿಕವಾಗಿ ನಂಬುವ ಹಿರಿಯರು ಬ್ರಿಟನ್ನಿನಲ್ಲಿ ಬಹಳ ಮಂದಿಯಾದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಂತರ ಕೇಳಿದ್ದು ಮೊದಲಿನ ನೆನಪಿನ ಜಾಗದಲ್ಲಿ ಕೂತುಬಿಟ್ಟಿತ್ತು.

ನಟನ ಕಥೆ ಹುಟ್ಟಿದ್ದೂ ಈ ಗೊಂದಲದಿಂದಲೇ. ನಾರ್ಮನ್ ಶೆಲ್ಲಿ ಎಂಬ ಬಿಬಿಸಿ ನಟ ಮಕ್ಕಳ ಕಾರ್ಯಕ್ರಮಗಳಿಂದ ಹೆಸರಾದವರು. ಚರ್ಚಿಲ್ ಭಾಷಣವನ್ನು ಅವರ ದನಿಯಲ್ಲಿ ತಾನು ಓದಿ ಮುದ್ರಿಸಿದ್ದೆನೆಂದು ಅವರು ಮುಂದೆ ಹೇಳಿಕೊಂಡದ್ದು, ಬಾಯಿಂದ ಬಾಯಿಗೆ ದಾಟಿ, 1940ರ ಜೂನ್ 4ರ ರಾತ್ರಿ ದೇಶವನ್ನೇ ಒಬ್ಬ ನಟ ಏಮಾರಿಸಿದ ಎಂಬ ಕಥೆಯಾಗಿ ಬೆಳೆಯಿತು. 2000ದಲ್ಲಿ ಶೆಲ್ಲಿ ಅವರ ಹೆಸರಿರುವ ಒಂದು 78 ಆರ್‌ಪಿಎಂ ತಟ್ಟೆ ಬೆಳಕಿಗೆ ಬಂದಾಗ ಈ ಕಥೆಗೆ ಸಾಕ್ಷಿ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಆದರೆ ಆ ತಟ್ಟೆಯ ಮೇಲಿದ್ದ ದಿನಾಂಕ 1942ರ ಸೆಪ್ಟೆಂಬರ್‌ನದು. ಶೆಲ್ಲಿ ಭಾಷಣವೊಂದನ್ನು ಓದಿದ್ದು ನಿಜ, ಅದನ್ನು 1940ರಲ್ಲಿ ಚರ್ಚಿಲ್ ದನಿಯೆಂದು ಪ್ರಸಾರ ಮಾಡಿದ್ದಕ್ಕೆ ಆಧಾರವಿಲ್ಲ. ಆ ರಾತ್ರಿ ಪ್ರಸಾರವಾದದ್ದು ವಾರ್ತಾವಾಚಕರ ಓದು ಎನ್ನುವುದು ಸ್ಪಷ್ಟವಿರುವಾಗ ಮೋಸದ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮ ಸ್ನೇಹಿತರಿಗೆ ಇಷ್ಟು ಹೇಳಿದರೆ ಸಾಕು.

ಹಾಗಿದ್ದರೆ ಯುದ್ಧಕಾಲದ ನಿಜವಾದ ದನಿ ಎಲ್ಲಿದೆ? ಚರ್ಚಿಲ್ ನೇರವಾಗಿ ಬಿಬಿಸಿ ಮೈಕಿನ ಮುಂದೆ ಮಾಡಿದ ಪ್ರಸಾರಗಳಲ್ಲಿ ಮತ್ತು ಸಂಸತ್ತಿನ ಹೊರಗೆ ಮಾಡಿದ ಸಭಾ ಭಾಷಣಗಳಲ್ಲಿ. 1940ರ ಜೂನ್ 18ರ ರಾತ್ರಿಯ ಪ್ರಸಾರ, 'ಉಪಕರಣಗಳನ್ನು ಕೊಡಿ, ಕೆಲಸ ನಾವು ಮುಗಿಸುತ್ತೇವೆ' ಎಂದು ಅಮೆರಿಕಕ್ಕೆ ಕರೆಯಿತ್ತ 1941ರ ಫೆಬ್ರವರಿ 9ರ ಪ್ರಸಾರ, ಹಿಟ್ಲರ್ ರಷ್ಯದ ಮೇಲೆ ಎರಗಿದ ಜೂನ್ 22ರ ರಾತ್ರಿಯ ಪ್ರಸಾರ, ಯುರೋಪಿನ ಯುದ್ಧ ಮುಗಿದ 1945ರ ಮೇ 8ರ ಘೋಷಣೆ ಇವೆಲ್ಲ ಆಯಾ ಹೊತ್ತಿನವೇ. ಇವುಗಳಲ್ಲಿ ಜೂನ್ 18ರದ್ದು ವಿಶೇಷವಾಗಿ ಕೇಳಬೇಕಾದದ್ದು. ಅಂದು ಮಧ್ಯಾಹ್ನ ಕಾಮನ್ಸ್‌ನಲ್ಲಿ ಮಾಡಿದ್ದ ಭಾಷಣವನ್ನೇ ಒತ್ತಾಯಕ್ಕೆ ಮಣಿದು ರಾತ್ರಿ ಮತ್ತೆ ಓದಿದರು. ಸಭೆಯಲ್ಲಿ ಅದ್ಭುತವಾಗಿದ್ದ ಭಾಷಣ ರೇಡಿಯೋದಲ್ಲಿ ಸತ್ವ ಕಳೆದುಕೊಂಡಿತೆಂದೂ, ಚರ್ಚಿಲ್‌ಗೆ ಮೈಕ್ ಕಂಡರೆ ಆಗುವುದಿಲ್ಲವೆಂದೂ ಸಂಸತ್ ಸದಸ್ಯ ಹೆರಾಲ್ಡ್ ನಿಕಲ್ಸನ್ ಮರುದಿನ ತಮ್ಮ ಹೆಂಡತಿಗೆ ಕಾಗದ ಬರೆದರು. ದಣಿದ, ಅವಸರದ ಆ ಓದನ್ನು ಕೇಳಿದ ಮೇಲೆ 1949ರ ನಿಧಾನದ, ಪ್ರತಿ ಪದವನ್ನೂ ತೂಗಿ ಇಡುವ ಓದನ್ನು ಕೇಳಿ. ಫ್ರಾನ್ಸ್ ಬಿದ್ದ ವಾರದಲ್ಲಿ ಮಾತನಾಡುತ್ತಿರುವ ಮನುಷ್ಯನಿಗೆ ಮುಂದೇನಾಗುತ್ತದೆಂದು ಗೊತ್ತಿಲ್ಲ, 1949ರಲ್ಲಿ ಓದುತ್ತಿರುವವನಿಗೆ ಎಲ್ಲ ಗೊತ್ತಿದೆ. ಆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

(ಅದೇ ಜೂನ್ 18ರಂದು, ಅದೇ ಬಿಬಿಸಿಯಿಂದ ಜನರಲ್ ದ ಗಾಲ್ ಫ್ರೆಂಚರಿಗೆ ಹೋರಾಟ ಮುಂದುವರಿಸುವ ಕರೆ ಕೊಟ್ಟರು. ಅದನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ. ಆ ಕರೆಯೆಂದು ಸಾಮಾನ್ಯವಾಗಿ ಕೇಳಿಸುವುದು ಅವರು ಜೂನ್ 22ರಂದು ಮಾಡಿದ ಪ್ರಸಾರವನ್ನು. ದ ಗಾಲ್ ಅವರೂ 1954ರಿಂದ ಮೂರು ಸಂಪುಟಗಳ ಯುದ್ಧ ಸ್ಮೃತಿಗಳನ್ನು ಬರೆದರು. ನಾಯಕರ ದನಿಗೂ ಸ್ಮೃತಿಗೂ ನಡುವಿನ ಈ ತೊಡಕು ಚರ್ಚಿಲ್ ಒಬ್ಬರದೇ ಅಲ್ಲ.)

ಇನ್ನೊಂದು ಮುದ್ರಣವನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಕೇಳಿಸಿ: 1941ರ ಡಿಸೆಂಬರ್ 26ರಂದು ಅಮೆರಿಕದ ಕಾಂಗ್ರೆಸ್ ಮುಂದೆ ಮಾಡಿದ ಭಾಷಣ. ತನ್ನ ತಾಯಿಯ ಬದಲು ತಂದೆ ಅಮೆರಿಕದವರಾಗಿದ್ದರೆ ತಾನು ಸ್ವಂತ ಬಲದಿಂದಲೇ ಈ ಸಭೆಗೆ ಬಂದಿರುತ್ತಿದ್ದೆನೇನೋ ಎಂದಾಗ ನಗೆ ಏಳುತ್ತದೆ. ಜಪಾನನ್ನು ಉದ್ದೇಶಿಸಿ, 'ನಾವು ಎಂಥ ಜನರೆಂದು ಅವರು ಅಂದುಕೊಂಡಿದ್ದಾರೆ?' ಎಂದು ಕೇಳಿದಾಗ ಸಭೆ ಗುಡುಗುತ್ತದೆ. ಚಪ್ಪಾಳೆ ಇಳಿಯುವವರೆಗೆ ಕಾಯುವುದು, ಸಭೆಯ ಉತ್ಸಾಹಕ್ಕೆ ತಕ್ಕಂತೆ ದನಿ ಏರಿಸುವುದು, ಇವು ಚಾರ್ಟ್‌ವೆಲ್‌ನ ಓದುಗಳಲ್ಲಿ ಸಿಗುವುದಿಲ್ಲ. ಅಲ್ಲಿ ಎದುರಿಗೆ ಸಭೆಯೇ ಇಲ್ಲ.

ಆದರೂ ಈ ಭಾಷಣಗಳು ಹುಟ್ಟಿನಿಂದಲೇ ಬರೆಹಗಳು ಎಂಬುದನ್ನು ಮರೆಯಬಾರದು. ಚರ್ಚಿಲ್ ಆಶುಭಾಷಣಕಾರರಲ್ಲ. ಓಡಾಡುತ್ತ ಕಾರ್ಯದರ್ಶಿಗೆ ಹೇಳಿ ಬರೆಸಿ, ತಿದ್ದಿ, ಕೊನೆಯ ಪ್ರತಿಯನ್ನು ಸಣ್ಣ ಹಾಳೆಗಳ ಮೇಲೆ ಪದ್ಯದ ಸಾಲುಗಳಂತೆ ಒಡೆದು ಬೆರಳಚ್ಚು ಮಾಡಿಸುತ್ತಿದ್ದರು. ಎಲ್ಲಿ ಉಸಿರು ನಿಲ್ಲಿಸಬೇಕೆಂಬುದು ಹಾಳೆಯ ಮೇಲೆಯೇ ಕಾಣುತ್ತದೆ. ಅಂಥ ಹಾಳೆಗಳು ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿವೆ. ಈ ಅಭ್ಯಾಸದ ಬೇರು ನಮ್ಮ ಬೆಂಗಳೂರಿನಲ್ಲಿದೆ. 1896ರಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ದಂಡಿಗೆ ಬಂದ ಚರ್ಚಿಲ್, ಮಧ್ಯಾಹ್ನದ ಬಿಡುವಿನ ಹೊತ್ತಿನಲ್ಲಿ ಗಿಬ್ಬನ್ ಮತ್ತು ಮೆಕಾಲೆಯ ಇತಿಹಾಸಗಳನ್ನು ಪಟ್ಟುಹಿಡಿದು ಓದಿದರು. ಮರುವರ್ಷ ವಾಗ್ಮಿತೆಯ ರಚನೆಯ ಮೇಲೆ ಒಂದು ಪ್ರಬಂಧವನ್ನೂ ಬರೆದರು. ಇಲ್ಲಿನ ಕ್ಲಬ್ಬಿಗೆ ಅವರು ಉಳಿಸಿಹೋದ ಹದಿಮೂರು ರೂಪಾಯಿ ಬಾಕಿಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರು ಇಲ್ಲಿಂದ ಕೊಂಡೊಯ್ದ ಗಿಬ್ಬನ್‌ನ ವಾಕ್ಯಲಯ ಅದಕ್ಕಿಂತ ಎಷ್ಟೋ ದೊಡ್ಡ ಸಂಗತಿ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಈಗ ಪುಸ್ತಕಗಳ ವಿಷಯ. 'ದಿ ಸೆಕೆಂಡ್ ವರ್ಲ್ಡ್ ವಾರ್' 1948ರಿಂದ 1954ರ ನಡುವೆ ಆರು ಸಂಪುಟಗಳಾಗಿ ಹೊರಬಂತು. ಮುನ್ನುಡಿಯಲ್ಲಿ ಚರ್ಚಿಲ್ ಇದನ್ನು ಇತಿಹಾಸವೆಂದು ಕರೆಯುವುದಿಲ್ಲ. ಅದು ಮುಂದಿನ ಪೀಳಿಗೆಯ ಕೆಲಸ, ಇದು ಇತಿಹಾಸಕ್ಕೆ ಒಂದು ಕೊಡುಗೆ ಎಂದಷ್ಟೇ ಹೇಳುತ್ತಾರೆ. ಇದು ಬರಿಯ ವಿನಯವಲ್ಲ, ನಿಖರವಾದ ಮಾತು. ತೊಂದರೆ ಏನೆಂದರೆ ಮುಂದಿನ ಪೀಳಿಗೆ ಬಹಳ ಕಾಲ ಆ ಕೆಲಸ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ. ಅಧಿಕಾರ ಬಿಟ್ಟಾಗ ಚರ್ಚಿಲ್ ತಾವು ಬರೆದ ಟಿಪ್ಪಣಿಗಳ, ತಂತಿಗಳ ಪ್ರತಿಗಳನ್ನು ತಮ್ಮೊಂದಿಗೆ ಒಯ್ದರು, ಸರ್ಕಾರದ ಸಮ್ಮತಿಯೊಂದಿಗೆ ಪ್ರಕಟಿಸಿದರು. ಉಳಿದ ಇತಿಹಾಸಕಾರರಿಗೆ ಸರ್ಕಾರಿ ಕಡತಗಳು ತೆರೆದದ್ದು 1970ರ ದಶಕದ ಆರಂಭದಲ್ಲಿ. ಸುಮಾರು ಎರಡು ದಶಕಗಳ ಕಾಲ ಜಗತ್ತು ಆ ಯುದ್ಧದ ಉನ್ನತ ನಿರ್ಧಾರಗಳನ್ನು ಬಹುಮಟ್ಟಿಗೆ ಅವರ ಕಣ್ಣಿನಿಂದಲೇ ನೋಡಿತು.

ಬರೆದದ್ದು ಒಬ್ಬರೇ ಅಲ್ಲ. ಆಕ್ಸ್‌ಫರ್ಡ್‌ನ ಇತಿಹಾಸಕಾರ ಬಿಲ್ ಡೀಕಿನ್, ಜನರಲ್ ಇಸ್ಮೇ, ಜನರಲ್ ಪೌನಾಲ್, ನೌಕಾಪಡೆಯ ಗಾರ್ಡನ್ ಆಲನ್, ವಕೀಲ ಡೆನಿಸ್ ಕೆಲ್ಲಿ ಇವರ ತಂಡ ದಾಖಲೆ ಹುಡುಕಿ ಕರಡು ಸಿದ್ಧಪಡಿಸುತ್ತಿತ್ತು. ಚರ್ಚಿಲ್ ಅದರ ಮೇಲೆ ತಮ್ಮ ಕಥನವನ್ನು ಹೇಳಿ ಬರೆಸಿ, ಅಚ್ಚಿನ ಕರಡುಗಳನ್ನು ಮೇಲಿಂದ ಮೇಲೆ ತಿದ್ದುತ್ತಿದ್ದರು. ಸಚಿವ ಸಂಪುಟದ ಕಾರ್ಯದರ್ಶಿ ನಾರ್ಮನ್ ಬ್ರೂಕ್ ಕರಡುಗಳನ್ನು ಓದಿ ತಿದ್ದುಪಡಿ ಸೂಚಿಸುತ್ತಿದ್ದರು. ಆದ್ದರಿಂದ ಒಂದು ರೀತಿಯಲ್ಲಿ ಇದಕ್ಕೆ ಸರ್ಕಾರದ ಮುದ್ರೆಯೂ ಇದೆ. ಡೀಕಿನ್ ಸ್ವತಃ 1943ರಲ್ಲಿ ಪ್ಯಾರಾಚೂಟಿನಲ್ಲಿ ಯುಗೊಸ್ಲಾವಿಯಕ್ಕೆ ಇಳಿದು ಅಲ್ಲಿ ಜರ್ಮನರ ವಿರುದ್ಧ ಹೋರಾಡುತ್ತಿದ್ದ ಟಿಟೊ ಅವರ ಪಡೆಯನ್ನು ಸೇರಿದ್ದವರು. ಇಂಥ ಸಹಾಯಕರನ್ನು ಪಡೆದ ಲೇಖಕ ಅಪರೂಪ.

ಈ ಬರೆಹ ಏನನ್ನು ಮರೆಮಾಡುತ್ತದೆ ಎಂಬುದಕ್ಕೆ ಒಂದು ನಿದರ್ಶನ ಹತ್ತಿರದಿಂದ ನೋಡಿ. ಒಬ್ಬಂಟಿಯಾಗಿ ಯುದ್ಧ ಮುಂದುವರಿಸಬೇಕೇ ಎಂಬ ಪರಮ ಪ್ರಶ್ನೆ ಯುದ್ಧ ಸಚಿವ ಸಂಪುಟದ ಕಾರ್ಯಸೂಚಿಯಲ್ಲಿ ಎಂದೂ ಬರಲೇ ಇಲ್ಲ ಎಂದು ಎರಡನೆಯ ಸಂಪುಟದಲ್ಲಿ ಚರ್ಚಿಲ್ ಬರೆಯುತ್ತಾರೆ. ಆದರೆ ಕಡತಗಳು ತೆರೆದಾಗ ಸಿಕ್ಕಿದ್ದೇನು? 1940ರ ಮೇ 26ರಿಂದ 28ರವರೆಗೆ ಅದೇ ಸಚಿವ ಸಂಪುಟ ಮತ್ತೆ ಮತ್ತೆ ಸೇರಿ, ಇಟಲಿಯ ಮೂಲಕ ಸಂಧಾನದ ದಾರಿ ಹುಡುಕಬೇಕೆಂಬ ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್ ಅವರ ವಾದವನ್ನು ಗಂಟೆಗಟ್ಟಲೆ ಚರ್ಚಿಸಿತ್ತು. ಚರ್ಚಿಲ್ ಆ ವಾದವನ್ನು ಸೋಲಿಸಿದರು. ಪ್ರಶ್ನೆ ಏಳಲೇ ಇಲ್ಲವೆಂದು ಬರೆದದ್ದರಿಂದ ಅವರು ತಮ್ಮದೇ ಒಂದು ದೊಡ್ಡ ಗೆಲುವನ್ನು ಅಳಿಸಿಹಾಕಿದಂತಾಯಿತು; ಸಹೋದ್ಯೋಗಿಗಳನ್ನು ಕಾಪಾಡಿದರು, ಇಡೀ ರಾಷ್ಟ್ರ ಒಂದೇ ಮನಸ್ಸಿನಿಂದ ನಿಂತಿತ್ತು ಎಂಬ ಚಿತ್ರವನ್ನೂ ಕಾಪಾಡಿದರು. ಜೂನ್ 4ರ ಭಾಷಣವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಅರ್ಥವೇ ಬದಲಾಗುತ್ತದೆ. 'ನಾವೆಂದೂ ಶರಣಾಗುವುದಿಲ್ಲ' ಎಂಬುದು ಹಿಟ್ಲರನಿಗೆ ಹೇಳಿದ ಮಾತಾಗಿದ್ದಷ್ಟೇ, ಒಂದು ವಾರದ ಹಿಂದೆ ಮೇಜಿನ ಆಚೆ ಕುಳಿತಿದ್ದವರಿಗೂ ಹೇಳಿದ ಮಾತಾಗಿತ್ತು ಎಂದು ನಾನು ತಿಳಿಯುತ್ತೇನೆ.

ಹೇಳಲಾಗದ ಸಂಗತಿಗಳೂ ಇದ್ದವು. ಬ್ಲೆಚ್‌ಲಿ ಪಾರ್ಕ್‌ನಲ್ಲಿ ಜರ್ಮನ್ ಸಂಕೇತಗಳನ್ನು ಬಿಡಿಸಿ ಓದುತ್ತಿದ್ದ ರಹಸ್ಯ 1974ರವರೆಗೆ ಸಾರ್ವಜನಿಕರಿಗೆ ತಿಳಿಯಲಿಲ್ಲ. ಚರ್ಚಿಲ್ ಅದನ್ನು ಬಾಯಿಬಿಡದೆ ಆರು ಸಂಪುಟ ಬರೆಯಬೇಕಾಯಿತು. ಕೊನೆಯ ಸಂಪುಟ ಹೊರಬರುವ ಹೊತ್ತಿಗೆ ಅವರೇ ಮತ್ತೆ ಪ್ರಧಾನಿ, ಯುರೋಪಿನ ಯುದ್ಧದಲ್ಲಿ ಮಿತ್ರಪಡೆಗಳ ದಂಡನಾಯಕರಾಗಿದ್ದ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷ. ಆದುದರಿಂದ ಯುದ್ಧದ ಕೊನೆಯ ತಿಂಗಳುಗಳ ಭಿನ್ನಾಭಿಪ್ರಾಯಗಳನ್ನು ಮೆದುಮಾಡಲಾಯಿತು. ಪುಸ್ತಕದ ತುಂಬ ಚರ್ಚಿಲ್ ಕಳಿಸಿದ ಟಿಪ್ಪಣಿಗಳಿವೆ, ಅವುಗಳಿಗೆ ಬಂದ ಉತ್ತರಗಳು ಬಹಳ ಕಡಿಮೆ. ಹೀಗಾಗಿ ಪ್ರತಿಯೊಂದು ಆಲೋಚನೆಯೂ ಅವರಿಂದಲೇ ಹೊರಟಂತೆ ಓದುಗರಿಗೆ ತೋರುತ್ತದೆ. ಇಷ್ಟಾದರೂ ಬೇರೆಯವರು ಮುಚ್ಚಿಡಬಹುದಾಗಿದ್ದನ್ನು ಅವರೇ ಬಿಚ್ಚಿಟ್ಟದ್ದೂ ಉಂಟು. 1944ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಅರ್ಧ ಹಾಳೆಯ ಮೇಲೆ ರುಮೇನಿಯ, ಗ್ರೀಸ್, ಯುಗೊಸ್ಲಾವಿಯಗಳಲ್ಲಿ ಯಾರ ಪ್ರಭಾವ ಶೇಕಡಾ ಎಷ್ಟು ಎಂದು ಗೀಚಿ ಸ್ಟಾಲಿನ್ ಕಡೆಗೆ ತಳ್ಳಿದ್ದನ್ನೂ, ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದನ್ನೂ ನಾವು ತಿಳಿದದ್ದು ಆರನೆಯ ಸಂಪುಟದಿಂದ.

ಭಾರತೀಯ ಓದುಗರು ತೀರ ಎಚ್ಚರದಿಂದ ಓದಬೇಕಾದದ್ದು ನಾಲ್ಕನೆಯ ಸಂಪುಟವನ್ನು. 1943ರ ಫೆಬ್ರವರಿ 10ರಿಂದ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಗಾಂಧೀಜಿ ಮಾಡಿದ 21 ದಿನಗಳ ಉಪವಾಸದ ಬಗ್ಗೆ, ನೀರು ಕುಡಿಯುವಾಗಲೆಲ್ಲ ಅವರಿಗೆ ಗ್ಲೂಕೋಸ್ ಕೊಡಲಾಗುತ್ತಿದ್ದುದು ಆರಂಭದಲ್ಲೇ ಖಚಿತವಾಗಿತ್ತು ಎಂದು ಚರ್ಚಿಲ್ ಅದರಲ್ಲಿ ಬರೆದಿದ್ದಾರೆ. ಗಾಂಧೀಜಿ ವೈಸರಾಯ್ ಲಿನ್‌ಲಿತ್‌ಗೋ ಅವರಿಗೆ ಜನವರಿ 29ರಂದೇ ಬರೆದ ಪತ್ರದಲ್ಲಿ, ಬರಿಯ ನೀರನ್ನು ದೇಹ ಒಪ್ಪದ ಕಾರಣ ನಿಂಬೆ ಜಾತಿಯ ಹಣ್ಣಿನ ರಸ ಬೆರೆಸಿಕೊಳ್ಳುತ್ತೇನೆ, ಇದು ಆಮರಣ ಉಪವಾಸವಲ್ಲ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಉಪವಾಸ ಆರಂಭವಾದ ಮೇಲೆ ಗ್ಲೂಕೋಸ್ ವಿಷಯ ಪರಿಶೀಲಿಸಲು ಸಾಧ್ಯವೇ ಎಂದು ಚರ್ಚಿಲ್ ತಂತಿ ಕಳಿಸಿದರು. ವೈದ್ಯರು ಗ್ಲೂಕೋಸ್ ತೆಗೆದುಕೊಳ್ಳುವಂತೆ ಒತ್ತಾಯಿಸಿದರೂ ಗಾಂಧಿ ಸುತರಾಂ ಒಪ್ಪಲಿಲ್ಲವೆಂದು ತಮಗೆ ತಿಳಿದುಬಂದಿದೆ ಎಂಬುದು ವೈಸರಾಯ್ ಕೊಟ್ಟ ಉತ್ತರ. ಲಿನ್‌ಲಿತ್‌ಗೋ ಗಾಂಧೀಜಿಯ ಮಿತ್ರರೇನಲ್ಲ, ಅದೇ ಉಪವಾಸದ ಬಗ್ಗೆ ಮುಂದೆ ಕಟುವಾಗಿ ಬರೆದವರು. ಅಂಥವರಿಂದಲೇ ಬಂದ ಉತ್ತರ ಕೈಯಲ್ಲಿದ್ದೂ ಪುಸ್ತಕದಲ್ಲಿ 'ಖಚಿತವಾಗಿತ್ತು' ಎಂದು ಅಚ್ಚಾಯಿತು.

ಅದೇ ಸಂಪುಟದಲ್ಲಿ, ಯುದ್ಧದ ಘೋರಗಳಿಂದ ಹಿಂದೂಸ್ಥಾನದ ಜನರಷ್ಟು ಚೆನ್ನಾಗಿ ರಕ್ಷಣೆ ಪಡೆದವರು ಜಗತ್ತಿನಲ್ಲಿ ಬೇರಿಲ್ಲ, ಅವರನ್ನು ನಮ್ಮ ಪುಟ್ಟ ದ್ವೀಪ ಹೆಗಲ ಮೇಲೆ ಹೊತ್ತು ದಾಟಿಸಿತು ಎಂಬ ಮಾತೂ ಇದೆ. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸರ್ಕಾರಿ ತನಿಖಾ ಆಯೋಗದ ಪ್ರಕಾರವೇ ಸುಮಾರು 15 ಲಕ್ಷ, ಅಮರ್ತ್ಯ ಸೇನ್ ಅವರ ಲೆಕ್ಕದಲ್ಲಿ ಸುಮಾರು 30 ಲಕ್ಷ. ಆರು ಸಂಪುಟಗಳ ಮುಖ್ಯ ಕಥನದಲ್ಲಿ ಆ ಸಾವುಗಳಿಗೆ ಜಾಗವಿಲ್ಲ. 25 ಲಕ್ಷ ಸೈನಿಕರನ್ನು ಯುದ್ಧಕ್ಕೆ ಕೊಟ್ಟ ದೇಶದ ಬಗ್ಗೆ ಈ ಮೌನವನ್ನು ಸಣ್ಣ ಲೋಪವೆಂದು ಬದಿಗಿಡಲು ನನ್ನಿಂದ ಆಗುವುದಿಲ್ಲ.

ಹಾಗೆಂದು ಸಂಪುಟಗಳನ್ನು ಕಪಾಟಿಗೆ ಸೇರಿಸಿಬಿಡಿ ಎಂದು ನಾನು ಹೇಳುವುದಿಲ್ಲ. 1953ರ ನೊಬೆಲ್ ಸಾಹಿತ್ಯ ಪ್ರಶಸ್ತಿಯ ಉಲ್ಲೇಖದಲ್ಲಿ ಚರ್ಚಿಲ್ ಅವರ ಐತಿಹಾಸಿಕ ಬರೆವಣಿಗೆ, ವಾಗ್ಮಿತೆ ಎರಡೂ ಇವೆ, ಎರಡರಲ್ಲಿಯೂ ಅವರು ಅದಕ್ಕೆ ಅರ್ಹರೇ. ತರಗತಿಯಲ್ಲಿ ಪುಸ್ತಕದ ಪುಟವನ್ನು ಆ ದಿನದ ದಾಖಲೆಯ ಪಕ್ಕದಲ್ಲಿಟ್ಟು ಓದಿಸಿ. ಬ್ರಿಟಿಷ್ ಸರ್ಕಾರ 1970ರಿಂದ 1983ರವರೆಗೆ ಪ್ರಕಟಿಸಿದ 'ಟ್ರಾನ್ಸ್‌ಫರ್ ಆಫ್ ಪವರ್' ದಾಖಲೆಗಳ ಹನ್ನೆರಡು ಸಂಪುಟಗಳು ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಸಿಗಬಹುದು. ಮೇಲೆ ಹೇಳಿದ ಗ್ಲೂಕೋಸ್ ತಂತಿಗಳು ಅದರ ಮೂರನೆಯ ಸಂಪುಟದಲ್ಲಿವೆ, ಕ್ಷಾಮದ ಕಾಗದಪತ್ರಗಳು ನಾಲ್ಕನೆಯದರಲ್ಲಿ. ಭಾಷಣಗಳಿಗಾದರೆ ಕಾಮನ್ಸ್ ಸಭೆಯ ಅಧಿಕೃತ ವರದಿಯಾದ ಹ್ಯಾನ್ಸಾರ್ಡ್ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿದೆ. ಜೂನ್ 4ರ ಪೂರ್ಣ ಪಠ್ಯವನ್ನು ಮೊದಲು ಅಲ್ಲಿಂದ ಓದಿಸಿ, ತಟ್ಟೆಯನ್ನು ಆಮೇಲೆ ಹಾಕಿ, ಹಾಕುವ ಮುನ್ನ ಅದರ ಮುದ್ರಣದ ವರ್ಷ 1949 ಎಂದು ಹಲಗೆಯ ಮೇಲೆ ಬರೆದಿಡಿ.